ಮುಚ್ಚಳ ನೋಡೋಕೆ ಒಂದೇ, ಡಬ್ಬಿ ಬೇರೆ ಬೇರೆ
ಮೆಕಾನಿಕಲ್ ಕೀಬೋರ್ಡಿಗೆ ಕನ್ನಡದ ಕೀಕ್ಯಾಪ್ ಕೂರಿಸುವ ಮೊದಲು ಓದಬೇಕಾದ ಪಾಠ

ನಮ್ಮೆಲ್ಲರ ಮನೆಯ ಅಡುಗೆಮನೆಯಲ್ಲೂ ಸಾಲಾಗಿ ಸ್ಟೀಲ್ ಡಬ್ಬಿಗಳಿರುತ್ತವೆ. ತೊಳೆದು ಒಣಗಿಸಿದ ಮೇಲೆ ಮುಚ್ಚಳಗಳನ್ನು ಹೊಂದಿಸುವ ಕೆಲಸ ನಮಗೆ ಬರುತ್ತಿತ್ತು. ಹತ್ತೂ ಮುಚ್ಚಳ ನೋಡೋಕೆ ಒಂದೇ ಥರ. ಆದರೆ ಸಾಸಿವೆ ಡಬ್ಬಿಯ ಮುಚ್ಚಳ ಮೆಂತ್ಯದ ಡಬ್ಬಿಗೆ ಕೂರುವುದಿಲ್ಲ. ಬಲವಂತ ಮಾಡಿದರೆ ಕೂರುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಕಳೆದ ವರ್ಷ ಲಿಂಚೋಪಿಂಗಿನ ವಿದ್ಯಾರ್ಥಿ ಕೊರಿಡಾರಿನ ಅಡುಗೆಮನೆಯಲ್ಲಿ ಕೂತು ನಾವು ಇದೇ ಪಾಠವನ್ನು ಮತ್ತೊಮ್ಮೆ ಕಲಿತೆವು. ಈ ಸಲ ಕೈಯಲ್ಲಿದ್ದದ್ದು ಡಬ್ಬಿ ಅಲ್ಲ, ಕೀಬೋರ್ಡು.

ನಡೆದದ್ದು ಇಷ್ಟು. ನಮ್ಮ ಸಂಘದ ಹಿಂದಿನ ಇ-ಪುಸ್ತಿಕೆಗೆ ಬಂದ ಬರಹಗಳಲ್ಲಿ ಸುಮಾರು ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಕೀಬೋರ್ಡಲ್ಲಿ ಯಾವ ಅಕ್ಷರ ಎಲ್ಲಿದೆ ಅಂತ ಗೊತ್ತಾಗಲ್ಲ." ಸರಿ, ಸಂಘದ ಕೋಣೆಯಲ್ಲಿ ಕನ್ನಡ ಅಕ್ಷರ ಇರುವ ಒಂದು ಕೀಬೋರ್ಡು ಇಡೋಣ ಎಂದು ಒಂಬತ್ತು ಜನ ತಲಾ 150 ಕ್ರೋನಾ ಹಾಕಿದೆವು. ಒಟ್ಟು 1,350 ಕ್ರೋನಾ. ಓದು ಮುಗಿಸಿ ಹೋದ ಹಿರಿಯರೊಬ್ಬರು ಬಿಟ್ಟುಹೋದ ತೆಳ್ಳನೆಯ ಮೆಕಾನಿಕಲ್ ಕೀಬೋರ್ಡು ಇತ್ತು. ಅದಕ್ಕೆ ಕನ್ನಡ ಅಕ್ಷರ ಅಚ್ಚು ಹಾಕಿದ ಕೀಕ್ಯಾಪ್ ಸೆಟ್ಟನ್ನು ಯೂರೋಪಿನ ಹೊರಗಿನಿಂದ ತರಿಸಿದೆವು. ರಾಜ್ಯೋತ್ಸವಕ್ಕೆ ಮೂರು ವಾರ ಮೊದಲು ಪೊಟ್ಟಣ ಬಂತು. ಮೊದಲನೆಯ ಕ್ಯಾಪ್ ಕೂರಲಿಲ್ಲ. ಹುಬ್ಬಳ್ಳಿಯ ಗೆಳೆಯ "ಇನ್ನಷ್ಟು ಒತ್ತಲೇ, ಕುಂದರ್ತೈತಿ" ಅಂದ. ಒತ್ತಿದೆವು. ಟಕ್ ಅಂತ ಸದ್ದು. ಕ್ಯಾಪ್ ಕೂರಲಿಲ್ಲ, ಸ್ವಿಚ್ಚಿನ ತಲೆ ಮುರಿಯಿತು.

ಮರುದಿನ ಮೆಕಾನಿಕಲ್ ಎಂಜಿನಿಯರಿಂಗಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ಅಕ್ಕ ಬಂದರು. ನೋಡಿದವರೇ "ಅಳತೆ ತಗೊಳ್ಳದೆ ಯಾರಾದ್ರೂ ಬಟ್ಟೆ ಹೊಲಿಸ್ತಾರೇನ್ರೋ?" ಎಂದು ಬೈದು, ವರ್ನಿಯರ್ ಕ್ಯಾಲಿಪರ್ ತೆಗೆದರು. ಪಿಯುಸಿ ಫಿಸಿಕ್ಸ್ ಲ್ಯಾಬಿನ ನಂತರ ಅದನ್ನು ನಾವು ಮುಟ್ಟಿದ್ದು ಅವತ್ತೇ. ಆ ಸಂಜೆ ಕಲಿತದ್ದನ್ನು, ಆಮೇಲೆ ಸೇರಿಸಿಕೊಂಡದ್ದನ್ನು, ನಿಮ್ಮ ದುಡ್ಡು ಉಳಿಯಲಿ ಎಂದು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇವೆ.

1. ಕ್ಯಾಪ್ ಯಾವುದು, ಸ್ವಿಚ್ ಯಾವುದು

ಲ್ಯಾಪ್‌ಟಾಪಿನ ಕೀಲಿಗಳ ಕೆಳಗೆ ಸಾಮಾನ್ಯವಾಗಿ ಒಂದು ರಬ್ಬರ್ ಗುಬುಟು, ಸುತ್ತ ಕತ್ತರಿಯಂತೆ ಮಡಚುವ ಪ್ಲಾಸ್ಟಿಕ್ ಚೌಕಟ್ಟು ಇರುತ್ತದೆ. ಆ ಮಾಡೆಲಿನ ಕೀಲಿ ಆ ಮಾಡೆಲಿಗೆ ಮಾತ್ರ. ಹಾಗಾಗಿ ಈ ಪಾಠದಲ್ಲಿ ಲ್ಯಾಪ್‌ಟಾಪ್ ಇಲ್ಲ.

ಮೆಕಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ಬೇರೆಯದೇ ಆದ ಸ್ವಿಚ್ ಇರುತ್ತದೆ. ಚಿಕ್ಕ ಪೆಟ್ಟಿಗೆ, ಒಳಗೆ ಸ್ಪ್ರಿಂಗ್, ಮೇಲೆ ಕೆಳಗೆ ಓಡಾಡುವ ಒಂದು ಪ್ಲಾಸ್ಟಿಕ್ ತುಂಡು. ಆ ತುಂಡಿನ ಹೊರಗೆ ಕಾಣುವ ತಲೆಗೆ ಸ್ಟೆಮ್ ಎನ್ನುತ್ತಾರೆ. ನಮ್ಮ ಬೆರಳು ತಾಗುವ, ಅಕ್ಷರ ಬರೆದಿರುವ ಟೊಪ್ಪಿಗೆ ಕೀಕ್ಯಾಪ್. ಕ್ಯಾಪಿನ ಹೊಟ್ಟೆಯೊಳಗೂ ಒಂದು ಕೊಳವೆ ಇರುತ್ತದೆ. ಸ್ಟೆಮ್ಮೂ ಆ ಕೊಳವೆಯೂ ಒಂದಕ್ಕೊಂದು ಹೊಂದಬೇಕು.

ಇಲ್ಲಿ ಅಂಟು ಇಲ್ಲ, ಸ್ಕ್ರೂ ಇಲ್ಲ. ಬರೀ ಬಿಗಿಯ ಮೇಲೆ ನಿಂತಿದೆ. ಗುದ್ದಲಿಯ ಕಣ್ಣಿಗೆ ಕಾವು ಕೂರಿಸುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಕಾವು ಕೂದಲೆಳೆಯಷ್ಟು ದಪ್ಪ ಇರಬೇಕು, ಆಗ ಹಿಡಿಯುತ್ತದೆ. ಜಾಸ್ತಿ ದಪ್ಪವಾದರೆ ಸೀಳುತ್ತದೆ. ತೆಳ್ಳಗಾದರೆ ಕೆಲಸದ ಮಧ್ಯೆ ಗುದ್ದಲಿ ಹಾರಿಹೋಗುತ್ತದೆ. ಕ್ಯಾಪಿನಲ್ಲಿ ಈ ದಪ್ಪ ತೆಳುವಿನ ಆಟ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

2. ಎಲ್ಲರಿಗೂ ಗೊತ್ತಿರುವ ಶಿಲುಬೆ

ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಕೀಕ್ಯಾಪ್‌ಗಳು ಒಂದೇ ಆಕಾರದ ಸ್ಟೆಮ್ಮಿಗೆ ಮಾಡಿದಂಥವು. ಮೇಲಿನಿಂದ ನೋಡಿದರೆ ಕೂಡುವ ಚಿಹ್ನೆಯ ಹಾಗೆ, ಶಿಲುಬೆಯ ಹಾಗೆ ಕಾಣುತ್ತದೆ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದ ಆರಂಭದಲ್ಲಿ ತಂದ ಎಂಎಕ್ಸ್ ಸ್ವಿಚ್ಚಿನದು ಈ ಆಕಾರ. ಪೇಟೆಂಟಿನ ಅವಧಿ ಮುಗಿದ ಮೇಲೆ ಗೇಟೆರಾನ್, ಕೈಲ್ ಮುಂತಾದ ಕಂಪನಿಗಳೂ ಅದೇ ಆಕಾರದಲ್ಲಿ ಮಾಡತೊಡಗಿದವು. ಶಿಲುಬೆಯ ಉದ್ದ ಅಗಲ ಸುಮಾರು 4 ಮಿ.ಮೀ., ಅದರ ತೋಳುಗಳ ದಪ್ಪ 1 ಮಿ.ಮೀ.ಗಿಂತ ತುಸು ಹೆಚ್ಚು. ಎರಡು ತೋಳುಗಳ ದಪ್ಪ ಒಂದೇ ಅಲ್ಲ, ಒಂದು ಸ್ವಲ್ಪ ದಪ್ಪ, ಇನ್ನೊಂದು ಸ್ವಲ್ಪ ತೆಳು. ಕ್ಯಾಪನ್ನು ಅಡ್ಡಡ್ಡ ತಿರುಗಿಸಿ ಕೂರಿಸಲು ಹೋದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗುವುದು ಅದಕ್ಕೇ.

ಇಲ್ಲಿ ನಮ್ಮಲ್ಲಿ ಹಲವರಿಗೆ ಇದ್ದ ಒಂದು ಗೊಂದಲ ಹೇಳಿಬಿಡುತ್ತೇವೆ. ಕೆಂಪು, ಕಂದು, ನೀಲಿ ಎಂದು ಸ್ವಿಚ್ಚಿನ ಬಣ್ಣ ಹೇಳುತ್ತಾರಲ್ಲ, ಅದಕ್ಕೂ ಕ್ಯಾಪಿಗೂ ಸಂಬಂಧ ಇಲ್ಲ. ಕೆಂಪು ನಯವಾಗಿ ಇಳಿಯುತ್ತದೆ, ಕಂದು ನಡುವೆ ಒಂದು ಸಣ್ಣ ಉಬ್ಬು ತೋರಿಸುತ್ತದೆ, ನೀಲಿ ಕ್ಲಿಕ್ ಅನ್ನುತ್ತದೆ. ಇದೆಲ್ಲ ಒಳಗಿನ ಸಂಗತಿ. ತಲೆ ಮೂರಕ್ಕೂ ಅದೇ ಶಿಲುಬೆ. ಕೆಂಪು ಸ್ವಿಚ್ಚಿನ ಕ್ಯಾಪನ್ನು ನೀಲಿಗೆ ಹಾಕಿದರೆ ಆರಾಮಾಗಿ ಕೂರುತ್ತದೆ.

3. ಶಿಲುಬೆ ಅಲ್ಲದ ಬೇರೆ ತಲೆಗಳು

ಪೆಟ್ಟಿಗೆ ಶಿಲುಬೆ: ಕೆಲವು ಸ್ವಿಚ್ಚುಗಳಲ್ಲಿ ಶಿಲುಬೆಯ ಸುತ್ತ ಚೌಕನೆಯ ಗೋಡೆ ಇರುತ್ತದೆ, ಧೂಳು ನೀರು ಒಳಗೆ ಹೋಗದಿರಲಿ ಎಂದು. ಇವಕ್ಕೆ ಬಾಕ್ಸ್ ಸ್ವಿಚ್ ಎನ್ನುತ್ತಾರೆ. ಎಂಎಕ್ಸ್ ಕ್ಯಾಪ್ ಇವಕ್ಕೆ ಕೂರುತ್ತದೆ. ಆದರೆ ಕ್ಯಾಪಿನ ಕೊಳವೆಯ ಹೊರಮೈ ದಪ್ಪವಾಗಿದ್ದರೆ ಗೋಡೆಗೆ ಉಜ್ಜುತ್ತದೆ.

ಎರಡು ಕಾಲಿನ ಜೋಡಣೆ: ನಮ್ಮನ್ನು ಕೆಡವಿದ್ದು ಇದೇ. ಕೈಲ್ ಕಂಪನಿಯ ಚಾಕ್ ಎಂಬ ತೆಳು ಸ್ವಿಚ್ಚಿನ ಮೊದಲ ಆವೃತ್ತಿಯಲ್ಲಿ ಶಿಲುಬೆ ಇಲ್ಲ. ಸ್ವಿಚ್ಚಿನ ತಲೆಯಲ್ಲಿ ಎರಡು ಸೀಳು, ಕ್ಯಾಪಿನ ಹೊಟ್ಟೆಯಲ್ಲಿ ಎರಡು ಚಪ್ಪಟೆ ಕಾಲು. ಅಂದರೆ ಗಂಡು ಹೆಣ್ಣು ಅದಲು ಬದಲು. ಇದೇ ಚಾಕ್ ಸ್ವಿಚ್ಚಿನ ಎರಡನೇ ಆವೃತ್ತಿಗೆ ಶಿಲುಬೆ ಬಂತು. ಹೆಸರು ಒಂದೇ, ತಲೆ ಬೇರೆ. ಹಾಗಾಗಿ "ಚಾಕ್‌ಗೆ ಹೊಂದುತ್ತದೆ" ಎಂದು ಬರೆದಿದ್ದರೆ ಎಷ್ಟನೇ ಆವೃತ್ತಿ ಅಂತ ಕೇಳಲೇಬೇಕು. ಇನ್ನೂ ಒಂದು ಮಾತು: ಚಾಕ್ ಇರುವ ಕೆಲವು ಕೀಬೋರ್ಡುಗಳಲ್ಲಿ ಕೀಲಿಗಳು ಹೆಚ್ಚು ಒತ್ತೊತ್ತಾಗಿ ಇರುತ್ತವೆ. ತಲೆ ಹೊಂದಿದರೂ ಅಗಲದ ಕ್ಯಾಪುಗಳು ಒಂದಕ್ಕೊಂದು ತಾಗುತ್ತವೆ.

ಆಲ್ಪ್ಸ್: ಜಪಾನಿನ ಹಳೆಯ ಸ್ವಿಚ್. ಸ್ಟೆಮ್ಮಿನಲ್ಲಿ ಆಯತಾಕಾರದ ಕುಳಿ, ಕ್ಯಾಪಿನಲ್ಲಿ ಅದಕ್ಕೆ ಹೊಗುವ ಆಯತದ ಗೂಟ. ಆಪಲ್‌ನ ಹಳೆಯ ಎಕ್ಸ್‌ಟೆಂಡೆಡ್ ಕೀಬೋರ್ಡಿನಲ್ಲಿ ಇದು ಇತ್ತು. ಲೊಪ್ಪಿಸ್ ಅಂದರೆ ಸ್ವೀಡನ್ನಿನ ಹಳೇ ಸಾಮಾನಿನ ಸಂತೆಗಳಲ್ಲಿ ಇಂಥದ್ದು ಸಿಕ್ಕರೆ, ಹೊಸ ಕ್ಯಾಪ್ ಸಿಗುವುದು ಕಷ್ಟ ಎಂದು ತಿಳಿದೇ ಕೊಳ್ಳಿ.

ಟೋಪ್ರೆ: ಇದೂ ಜಪಾನಿನದೇ. ಗುಂಡನೆಯ ಜೋಡಣೆ. ಹ್ಯಾಪಿ ಹ್ಯಾಕಿಂಗ್ ಪ್ರೊಫೆಷನಲ್, ರಿಯಲ್‌ಫೋರ್ಸ್ ಕೀಬೋರ್ಡುಗಳಲ್ಲಿ ಕಾಣುತ್ತದೆ. ಶಿಲುಬೆಯ ಕ್ಯಾಪ್ ಇದಕ್ಕೆ ನೇರವಾಗಿ ಬರುವುದಿಲ್ಲ.

ಐಬಿಎಂ ಮಾಡೆಲ್ ಎಂ: 1985ರಿಂದ ಬಂದ ಭಾರೀ ಕೀಬೋರ್ಡು. ಒಳಗೆ ಬಾಗುವ ಸ್ಪ್ರಿಂಗ್. ಇದರ ಅನೇಕ ಮಾಡೆಲ್‌ಗಳಲ್ಲಿ ಕ್ಯಾಪೇ ಎರಡು ಭಾಗ: ಕೆಳಗಿನ ಕೀಲಿ ಹಾಗೇ ಇರುತ್ತದೆ, ಅಕ್ಷರ ಇರುವ ಮೇಲಿನ ಚಿಪ್ಪು ಮಾತ್ರ ಬಿಚ್ಚಿ ಬರುತ್ತದೆ. ಭಾಷೆ ಬದಲಿಸಬೇಕೆಂದರೆ ಚಿಪ್ಪು ಬದಲಿಸಿದರೆ ಸಾಕು.

4. ತಲೆ ಹೊಂದಿತು, ಅಗಲ ಹೊಂದಿತೇ?

ಕ್ಯಾಪಿನ ಅಗಲವನ್ನು ಯುನಿಟ್ಟಿನಲ್ಲಿ ಹೇಳುತ್ತಾರೆ. ಒಂದು ಮಾಮೂಲಿ ಅಕ್ಷರದ ಕೀಲಿ 1 ಯುನಿಟ್. ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ 19.05 ಮಿ.ಮೀ., ಅಂದರೆ ಮುಕ್ಕಾಲು ಇಂಚು. ಸ್ಪೇಸ್‌ಬಾರ್ ಸಾಮಾನ್ಯವಾಗಿ 6.25 ಯುನಿಟ್, ಅಂದರೆ ಸುಮಾರು 119 ಮಿ.ಮೀ.

ಈಗ ಸ್ವೀಡನ್ನಿನಲ್ಲಿ ಇರುವ ನಮಗೆ ಮುಖ್ಯವಾದ ವಿಷಯ. ಬೆಂಗಳೂರಿನಲ್ಲಿ ಕೊಂಡ ಕೀಬೋರ್ಡು ಹೆಚ್ಚಾಗಿ ಅಮೆರಿಕದ ಆನ್ಸಿ ನಮೂನೆಯದು, ಪೂರ್ತಿ ಗಾತ್ರದ್ದಾದರೆ 104 ಕೀಲಿ. ಇಲ್ಲಿನ ಅಂಗಡಿಯದು ಐಎಸ್‌ಒ ನಮೂನೆ, 105 ಕೀಲಿ. ಒಂದೇ ಕೀಲಿಯ ವ್ಯತ್ಯಾಸ ತಾನೆ ಅನ್ನಬೇಡಿ. ಆನ್ಸಿ ಸೆಟ್ಟನ್ನು ಸ್ವೀಡಿಷ್ ಕೀಬೋರ್ಡಿಗೆ ಹಾಕಿದರೆ ಮೂರು ಕ್ಯಾಪ್ ಮಿಗುತ್ತವೆ: ಉದ್ದನೆಯ ಎಡ ಶಿಫ್ಟ್, ಅಡ್ಡ ಮಲಗಿದ ಎಂಟರ್, ಅದರ ಮೇಲಿನ 1.5 ಯುನಿಟ್ ಕೀಲಿ. ನಾಲ್ಕು ಜಾಗ ಖಾಲಿ ಉಳಿಯುತ್ತವೆ: ಎರಡು ಸಾಲು ಆವರಿಸುವ ತಲೆಕೆಳಗಾದ ಎಲ್ ಆಕಾರದ ಎಂಟರ್, 1.25 ಯುನಿಟ್ ಅಗಲದ ಮೊಟಕು ಎಡ ಶಿಫ್ಟ್, ಆ ಶಿಫ್ಟಿಗೂ ಜ಼ೆಡ್ ಕೀಲಿಗೂ ನಡುವಿನ ಒಂದು ಕೀಲಿ, ಎಂಟರಿನ ಎಡಕ್ಕಿರುವ ಇನ್ನೊಂದು ಕೀಲಿ. 104ರಲ್ಲಿ ಮೂರು ಕಳೆದು ನಾಲ್ಕು ಕೂಡಿ, 105 ಬಂತು.

ಕಂಟ್ರೋಲ್ ಕೀಲಿಯೂ 1.25 ಯುನಿಟ್ಟೇ, ಮಿಕ್ಕಿದ್ದಿದ್ದರೆ ಅದನ್ನೇ ಶಿಫ್ಟಿಗೆ ಹಾಕಬಹುದಲ್ಲ ಎಂದು ನಾವೂ ಯೋಚಿಸಿದ್ದೆವು. ಕೂರುತ್ತದೆ, ಆದರೆ ಅನೇಕ ಸೆಟ್ಟುಗಳಲ್ಲಿ ಸಾಲಿನಿಂದ ಸಾಲಿಗೆ ಎತ್ತರ, ಇಳಿಜಾರು ಬೇರೆ ಇರುವುದರಿಂದ ಒಂದು ಹಲ್ಲು ಸೊಟ್ಟ ಇದ್ದ ಹಾಗೆ ಕಾಣಬಹುದು.

2 ಯುನಿಟ್ಟು ಮತ್ತು ಅದಕ್ಕಿಂತ ಉದ್ದದ ಕೀಲಿಗಳಿಗೆ ನಡುವಿನ ಸ್ವಿಚ್ ಒಂದೇ ಸಾಲದು. ಮೂಲೆ ಒತ್ತಿದರೆ ಕ್ಯಾಪ್ ವಾಲದಿರಲಿ ಎಂದು ಎರಡೂ ಬದಿಗೆ ಸ್ಟೆಬಿಲೈಸರ್ ಇರುತ್ತದೆ. ತಂತಿಯೊಂದು ಎರಡನ್ನೂ ಜೋಡಿಸುತ್ತದೆ. ಇದರಲ್ಲೂ ಎರಡು ಬಗೆ. ಚೆರ್ರಿ ಬಗೆಯಲ್ಲಿ ಬದಿಗೂ ಶಿಲುಬೆ ಇರುತ್ತದೆ, ಕ್ಯಾಪನ್ನು ನೇರ ಒತ್ತಿದರೆ ಸಾಕು. ಕಾಸ್ಟಾರ್ ಬಗೆಯಲ್ಲಿ ಕ್ಯಾಪಿನೊಳಗೆ ಸಣ್ಣ ಕೊಕ್ಕೆ ತುಂಡು ಸಿಕ್ಕಿಸಿ ತಂತಿಯನ್ನು ಅದಕ್ಕೆ ತೊಡಿಸಬೇಕು. ಹಳೆ ಸ್ಪೇಸ್‌ಬಾರ್ ತೆಗೆಯುವ ಮೊದಲು ಫೋನಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಆಮೇಲೆ ತಂತಿ ಯಾವ ಕಡೆ ಇತ್ತು ಎಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

5. ಎತ್ತರದ ಲೆಕ್ಕ

ಕ್ಯಾಪುಗಳ ಎತ್ತರ, ಇಳಿಜಾರಿಗೆ ಪ್ರೊಫೈಲ್ ಎನ್ನುತ್ತಾರೆ. ಚೆರ್ರಿ, ಒಇಎಂ, ಎಸ್‌ಎ ಇವುಗಳಲ್ಲಿ ಸಾಲಿಗೊಂದು ಆಕಾರ. ಡಿಎಸ್‌ಎ, ಎಕ್ಸ್‌ಡಿಎ ಇವುಗಳಲ್ಲಿ ಎಲ್ಲ ಸಾಲೂ ಒಂದೇ ಎತ್ತರ. ಕನ್ನಡದ ಮಟ್ಟಿಗೆ ಇದು ಬರೀ ಅಂದದ ಮಾತಲ್ಲ. ನಾಳೆ ಬೇರೆ ಕೀಲಿ ವಿನ್ಯಾಸಕ್ಕೆ ಬದಲಾಯಿಸಿ ಅಕ್ಷರಗಳ ಜಾಗ ಅದಲು ಬದಲು ಮಾಡುವ ಆಸೆ ಇದ್ದರೆ ಒಂದೇ ಎತ್ತರದ ಸೆಟ್ಟು ತಗೊಳ್ಳಿ. ಸಾಲಿಗೊಂದು ಆಕಾರ ಇದ್ದರೆ ಮೇಲಿನ ಸಾಲಿನ ಕ್ಯಾಪ್ ಕೆಳಗಿನ ಸಾಲಿನಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ತೊಡಕು: ಕೆಲವು ಕೀಬೋರ್ಡುಗಳಲ್ಲಿ ಸ್ವಿಚ್ಚಿನ ಎಲ್‌ಇಡಿ ಕಿಟಕಿ ಪರದೆಯ ಕಡೆಗೆ ಮುಖ ಮಾಡಿರುತ್ತದೆ. ಅಂಥದರಲ್ಲಿ ಕುಳ್ಳಗಿನ ಚೆರ್ರಿ ಪ್ರೊಫೈಲ್ ಕ್ಯಾಪಿನ ಒಳಗೋಡೆ ನಡುಸಾಲಿನಲ್ಲಿ ಸ್ವಿಚ್ಚಿನ ಮೈಗೆ ತಾಗಬಹುದು. ಕೀಲಿ ತಳ ಮುಟ್ಟುವಾಗ ಸದ್ದು ಬೇರೆ ಥರ ಬಂದರೆ ಇದೇ ಕಾರಣ ಇರಬಹುದು.

6. ತೆಗೆಯುವ, ಕೂರಿಸುವ ಕ್ರಮ

ತಂತಿಯ ಕ್ಯಾಪ್ ಪುಲ್ಲರ್ ಒಳ್ಳೆಯದು. ಎದುರುಬದುರು ಮೂಲೆಗಳ ಕೆಳಗೆ ತಂತಿ ಸಿಕ್ಕಿಸಿ ನೆಟ್ಟಗೆ ಮೇಲಕ್ಕೆ ಎಳೆಯಿರಿ. ತಿರುಚಬೇಡಿ, ತಿರುಚಿದರೆ ಶಿಲುಬೆಯ ತೋಳು ಸವೆಯುತ್ತದೆ. ಸ್ವಿಚ್ಚನ್ನೇ ಕಳಚಬಹುದಾದ ಕೀಬೋರ್ಡಾದರೆ ಬಿಗಿ ಕ್ಯಾಪಿನ ಜೊತೆ ಸ್ವಿಚ್ಚೂ ಎದ್ದು ಬರಬಹುದು. ಗಾಬರಿ ಬೇಡ. ಅದರ ಕೆಳಗಿನ ಎರಡು ಲೋಹದ ಕಾಲು ಬಾಗಿಲ್ಲ ಎಂದು ನೋಡಿ, ನೆಟ್ಟಗೆ ಮಾಡಿ, ಮತ್ತೆ ಕೂರಿಸಿ.

ಕೂರಿಸುವಾಗ ಹೆಬ್ಬೆರಳಿನಿಂದ ಮೇಲಿನಿಂದ ನೇರವಾಗಿ ಒತ್ತಿ. ಮಾಮೂಲಿ ಒತ್ತಡಕ್ಕೆ ಇಳಿಯಲಿಲ್ಲ ಅಂದರೆ ನಿಲ್ಲಿಸಿ. ನಮ್ಮ ಮುರಿದ ಸ್ವಿಚ್ಚನ್ನು ನೆನಪಿಸಿಕೊಳ್ಳಿ. ಸ್ಟೆಮ್ ತುಸು ದಪ್ಪ ಇದ್ದು ಕ್ಯಾಪ್ ಬಲವಂತಕ್ಕೆ ಇಳಿದರೆ ಅವತ್ತು ಏನೂ ಕಾಣುವುದಿಲ್ಲ. ಕೆಲವು ವಾರದ ನಂತರ ಕೊಳವೆಯಲ್ಲಿ ಕೂದಲಿನಂಥ ಬಿರುಕು ಕಾಣಿಸಿಕೊಳ್ಳಬಹುದು, ಆಮೇಲೆ ಆ ಕ್ಯಾಪ್ ಎಲ್ಲೂ ಬಿಗಿಯಾಗಿ ನಿಲ್ಲದು. ಸಡಿಲವಾದ ಕ್ಯಾಪಿಗೆ ಮಾತ್ರ ಮದ್ದು ಇದೆ: ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯ ಒಂದು ಚೂರನ್ನು ಶಿಲುಬೆಯ ಮೇಲಿಟ್ಟು ಒತ್ತುವುದು. ಸಡಿಲ ಕಾವಿಗೆ ಬೆಣೆ ಹೊಡೆದ ಹಾಗೆ.

7. ದೇಹ ಹೊಂದಿತು, ಅಕ್ಷರ?

ಕೀಲಿಯ ಮೇಲಿನ ಅಕ್ಷರಕ್ಕೂ ಪರದೆಯ ಮೇಲೆ ಮೂಡುವ ಅಕ್ಷರಕ್ಕೂ ಏನು ನಂಟು? ಇದು ಚೆನ್ನಾಗಿ ಅರ್ಥವಾದದ್ದು ಓಟ್ವಿಡಾಬೆರಿಯಲ್ಲಿ. ಲಿಂಚೋಪಿಂಗಿನಿಂದ ರೈಲಿನಲ್ಲಿ ಹೋಗಿಬರಬಹುದಾದ ಪುಟ್ಟ ಊರು, ಫ್ಯಾಸಿಟ್ ಕಂಪನಿಯ ಊರು. ಲೆಕ್ಕದ ಯಂತ್ರ, ಟೈಪ್‌ರೈಟರ್ ಮಾಡುತ್ತಿದ್ದ ಕಂಪನಿ ಅದು. ಅದರ ಮ್ಯೂಸಿಯಂ ಈಗಲೂ ಅಲ್ಲಿದೆ. ಹೆಸರು ಕೇಳಿದ ದಾವಣಗೆರೆಯ ಗೆಳತಿ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದಳು. "ಅಯ್ಯೋ, ನಾನು ಟೈಪಿಂಗ್ ಕಲಿತದ್ದು ಫ್ಯಾಸಿಟ್ ಮಿಷನ್ನಲ್ಲೇ ಕಣೇ, ಅದು ಸ್ವೀಡನ್ನಿನದಾ?" ಅಂದರಂತೆ ಅವರು. ಆಶ್ಚರ್ಯವೇನಿಲ್ಲ. ಫ್ಯಾಸಿಟ್ ಏಷ್ಯಾ ಎಂಬ ಹೆಸರಿನಲ್ಲಿ ಮದ್ರಾಸಿನಲ್ಲಿ ಟೈಪ್‌ರೈಟರುಗಳು ತಯಾರಾಗುತ್ತಿದ್ದವು.

ಟೈಪ್‌ರೈಟರಿನಲ್ಲಿ ಕೀಲಿ ಒತ್ತಿದರೆ ಸನ್ನೆಕೋಲು ಏಳುತ್ತದೆ, ಅದರ ತುದಿಯಲ್ಲಿ ಲೋಹದಲ್ಲಿ ಎರಕ ಹೊಯ್ದ ಅಕ್ಷರ ಇರುತ್ತದೆ. ಗುಂಡಿಯ ಮೇಲೆ ಬೇರೆ ಅಕ್ಷರ ಅಂಟಿಸಿದರೂ ಕಾಗದದ ಮೇಲೆ ಬೀಳುವುದು ಎರಕದ್ದೇ. ಕನ್ನಡ ಬೇಕೆಂದರೆ ಕನ್ನಡದ ಯಂತ್ರವೇ ಬೇಕಿತ್ತು. ನಮ್ಮ ಕೀಬೋರ್ಡಿನಲ್ಲಿ ಎರಕ ಇಲ್ಲ. ಸ್ವಿಚ್ ಕಳಿಸುವುದು ಇಂಥ ಜಾಗದ ಕೀಲಿ ಒತ್ತಿದರು ಎಂಬ ಸುದ್ದಿಯನ್ನು ಮಾತ್ರ. ಅದು ಯಾವ ಅಕ್ಷರ ಎಂದು ತೀರ್ಮಾನಿಸುವುದು ಕಂಪ್ಯೂಟರಿನಲ್ಲಿ ಆರಿಸಿದ ವಿನ್ಯಾಸ. ಅಂದಮೇಲೆ ಕ್ಯಾಪ್ ಎರಡು ಕಡೆ ಹೊಂದಬೇಕು: ಕೆಳಗೆ ಸ್ವಿಚ್ಚಿಗೆ, ಮೇಲೆ ವಿನ್ಯಾಸಕ್ಕೆ.

ಕನ್ನಡಕ್ಕೆ ಮುಖ್ಯವಾಗಿ ಎರಡು ವಿನ್ಯಾಸ. ಒಂದು ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್. ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಸಿಗುತ್ತದೆ. ಇದು 26 ಇಂಗ್ಲಿಷ್ ಅಕ್ಷರದ ಕೀಲಿಗಳಲ್ಲಿ ಮುಗಿಯುವುದಿಲ್ಲ, ಬಲಬದಿಯ ಕೀಲಿಗಳೂ ಬೇಕು. ಆ ಬಲಬದಿಯಲ್ಲೇ ಸ್ವೀಡಿಷ್‌ನ ಮೂರು ವಿಶೇಷ ಅಕ್ಷರಗಳಿವೆ. ಇನ್‌ಸ್ಕ್ರಿಪ್ಟ್ ಆರಿಸಿಕೊಂಡರೆ ತಲೆಯ ಮೇಲೆ ಸೊನ್ನೆ ಇರುವ ಎ ಕೀಲಿ ಡ ಆಗುತ್ತದೆ, ಎರಡು ಚುಕ್ಕಿಯ ಒ ಕೀಲಿ ಚ ಆಗುತ್ತದೆ, ಎರಡು ಚುಕ್ಕಿಯ ಎ ಕೀಲಿ ಟ ಆಗುತ್ತದೆ.

ಇನ್ನೊಂದು ಕೆ.ಪಿ. ರಾವ್ ಅವರ ವಿನ್ಯಾಸ. ಕರ್ನಾಟಕ ಸರಕಾರ ಒಪ್ಪಿಕೊಂಡದ್ದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಇರುವುದು. ಲಿನಕ್ಸಿನಲ್ಲಿ ಕಗಪ ಎಂಬ ಹೆಸರಿನಲ್ಲಿ ಸಿಗುತ್ತದೆ. ಉಚ್ಚಾರಕ್ಕೆ ಹತ್ತಿರ: ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ, ಷ ಬೇಕಾದರೆ ಎಕ್ಸ್, ಒತ್ತಕ್ಷರ ಕಟ್ಟಲು ಎಫ್. ಇಡೀ ವರ್ಣಮಾಲೆ 26 ಕೀಲಿಗಳಲ್ಲಿ, ಶಿಫ್ಟಿನ ನೆರವಿನಿಂದ, ಅಡಗುತ್ತದೆ. ಈ 26 ಕೀಲಿಗಳ ಜಾಗ ಬೆಂಗಳೂರಿನ ಕೀಬೋರ್ಡಿನಲ್ಲೂ ಸ್ವೀಡನ್ನಿನ ಕೀಬೋರ್ಡಿನಲ್ಲೂ ಒಂದೇ. ಸ್ವೀಡನ್ನಿನಲ್ಲಿರುವ ನಮಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಕನ್ನಡದ 26 ಕ್ಯಾಪ್ ಹಾಕಿ, ಸ್ವೀಡಿಷ್‌ನ ಮೂರನ್ನು ಅವುಗಳ ಪಾಡಿಗೆ ಬಿಟ್ಟರೆ ಒಂದೇ ಕೀಬೋರ್ಡು ಎರಡು ಭಾಷೆಗೂ ಆಗುತ್ತದೆ.

8. ಅಚ್ಚು ಹಾಕಿಸುವುದಾದರೆ

ಕ್ಯಾಪುಗಳು ಹೆಚ್ಚಾಗಿ ಎಬಿಎಸ್ ಅಥವಾ ಪಿಬಿಟಿ ಪ್ಲಾಸ್ಟಿಕ್ಕಿನವು. ಎರಡು ಬಣ್ಣದ ಪ್ಲಾಸ್ಟಿಕ್ ಸುರಿದು ಅಕ್ಷರ ಮೂಡಿಸುವ ಡಬಲ್ ಶಾಟ್ ವಿಧಾನದಲ್ಲಿ ಅಕ್ಷರ ಸವೆಯುವುದೇ ಇಲ್ಲ. ಆದರೆ ಒಂದೊಂದು ಅಕ್ಷರಕ್ಕೂ ಒಂದೊಂದು ಅಚ್ಚು ಬೇಕು, ಹಾಗಾಗಿ ನಮ್ಮಂಥ ಸಣ್ಣ ಗುಂಪಿಗೆ ಅದು ಎಟುಕುವುದಿಲ್ಲ. ನಮಗೆ ಎಟುಕುವುದು ಡೈ ಸಬ್ಲಿಮೇಶನ್: ಬಿಸಿ ಮಾಡಿ ಬಣ್ಣವನ್ನು ಪ್ಲಾಸ್ಟಿಕ್ಕಿನ ಒಳಗೆ ಇಳಿಸುವುದು. ಇದಕ್ಕೆ ಶಾಖ ತಡೆಯುವ ಪಿಬಿಟಿಯೇ ಸರಿ. ಮೂಲ ಬಣ್ಣ ತಿಳಿಯಾಗಿರಬೇಕು, ಅಕ್ಷರ ಗಾಢವಾಗಿರಬೇಕು.

ಚಿತ್ರ ಕಳಿಸುವ ಮೊದಲು ಎರಡು ಎಚ್ಚರ. ಒಂದು, ಅಕ್ಷರಗಳನ್ನು ಫಾಂಟಾಗಿ ಬಿಡದೆ ಗೆರೆಚಿತ್ರವಾಗಿ ಬದಲಿಸಿ ಕಳಿಸಿ. ಇಲ್ಲದಿದ್ದರೆ ಆ ಕಡೆಯ ಕಂಪ್ಯೂಟರಿನಲ್ಲಿ ಕನ್ನಡ ಒಡೆದು ಚೌಕಗಳಾಗಬಹುದು. ಎರಡು, ದ, ಧ, ಥ ಮೂರನ್ನೂ ಕ್ಯಾಪಿನ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ ಒಂದು ಮಾರು ದೂರದಿಂದ ನೋಡಿ. ಹೊಟ್ಟೆಯ ಚುಕ್ಕಿ, ಕಾಲಿನ ಸೀಳು ಗೊತ್ತಾಗದಿದ್ದರೆ ಅಕ್ಷರ ದೊಡ್ಡದು ಮಾಡಿ.

ದುಡ್ಡಿನ ಎಚ್ಚರವೂ ಇದೆ. ಯೂರೋಪಿಯನ್ ಒಕ್ಕೂಟದೊಳಗೆ ಆನ್‌ಲೈನಿನಲ್ಲಿ ಕೊಂಡ ವಸ್ತುವನ್ನು ಸಾಮಾನ್ಯವಾಗಿ 14 ದಿನದೊಳಗೆ ಹಿಂತಿರುಗಿಸುವ ಹಕ್ಕು ನಮಗಿದೆ. ಆದರೆ ನಮಗಾಗಿಯೇ ಅಚ್ಚು ಹಾಕಿಸಿದ ವಸ್ತುವಿಗೆ ಈ ಹಕ್ಕು ಇಲ್ಲ. ಹೊರಗಿನಿಂದ ತರಿಸಿದರೆ 2021ರ ಜುಲೈನಿಂದ ಎಷ್ಟೇ ಕಡಿಮೆ ಬೆಲೆಯದಾದರೂ ಇಲ್ಲಿನ ಮೋಮ್ಸ್ ತೆರಿಗೆ ಬೀಳುತ್ತದೆ, ಅದು ಶೇ. 25. ಆದ್ದರಿಂದ ಅಳತೆ ಮೊದಲು, ಆರ್ಡರ್ ಆಮೇಲೆ.

9. ಕೊಳ್ಳುವ ಮೊದಲು ಆರು ಪ್ರಶ್ನೆ

ಒಂದು ಕ್ಯಾಪ್ ತೆಗೆದು ನೋಡಿ, ಸ್ಟೆಮ್ ಶಿಲುಬೆಯೇ, ಎರಡು ಸೀಳೇ, ಬೇರೆಯೇ?
ಶಿಲುಬೆಯಾದರೆ ಸುತ್ತ ಗೋಡೆ ಇದೆಯೇ?
ಎಂಟರ್ ಅಡ್ಡ ಮಲಗಿದೆಯೇ, ತಲೆಕೆಳಗಾದ ಎಲ್ ಆಗಿದೆಯೇ?
ಸ್ಪೇಸ್‌ಬಾರ್ ಎಷ್ಟು ಯುನಿಟ್, ಅದರ ಸ್ಟೆಬಿಲೈಸರ್ ಯಾವ ಬಗೆ?
ಸೆಟ್ಟಿನ ಪ್ರೊಫೈಲ್ ಯಾವುದು, ನಡುಸಾಲಿನಲ್ಲಿ ತಾಗುತ್ತದೆಯೇ?
ಕ್ಯಾಪಿನ ಮೇಲಿನ ಅಕ್ಷರ ಇನ್‌ಸ್ಕ್ರಿಪ್ಟಿನದೇ, ಕೆ.ಪಿ. ರಾವ್ ವಿನ್ಯಾಸದ್ದೇ?

ಇದರಲ್ಲಿ ಒಂದಕ್ಕೆ ಉತ್ತರ ಗೊತ್ತಿಲ್ಲ ಅಂದರೂ ದುಡ್ಡು ಕಟ್ಟಬೇಡಿ. ನಾವು ಆರಕ್ಕೂ ಉತ್ತರ ತಿಳಿಯದೆ ಕಟ್ಟಿದವರು.

ನಮ್ಮ ಸೆಟ್ಟಿನ ಕಥೆ ಏನಾಯಿತು?

ಹಿಂತಿರುಗಿಸುವ ಹಾಗಿರಲಿಲ್ಲ. ಕೊನೆಗೆ ಅಕ್ಕ ಹೇಳಿದ ದಾರಿ ಹಿಡಿದೆವು: ಕ್ಯಾಪಿಗೆ ತಕ್ಕ ಕೀಬೋರ್ಡನ್ನೇ ಹುಡುಕುವುದು. ಕೋರ್ಸು ಮುಗಿಸಿ ಊರು ಬಿಡುತ್ತಿದ್ದ ವಿದ್ಯಾರ್ಥಿಯೊಬ್ಬರಿಂದ ಶಿಲುಬೆ ಸ್ಟೆಮ್ಮಿನ, ಪೂರ್ತಿ ಎತ್ತರದ ಸ್ವೀಡಿಷ್ ಕೀಬೋರ್ಡು ಅಗ್ಗಕ್ಕೆ ಸಿಕ್ಕಿತು. ಈ ಸಲ ಕ್ಯಾಲಿಪರ್ ಹಿಡಿದೇ ಹೋಗಿದ್ದೆವು. ಸೆಟ್ಟು ಆನ್ಸಿ ನಮೂನೆಯದಾದ್ದರಿಂದ ಎಂಟರ್, ಎಡ ಶಿಫ್ಟ್, ಇನ್ನೆರಡು ಕೀಲಿ ಹಳೆಯವೇ ಉಳಿದವು. ಸ್ವೀಡಿಷ್‌ನ ಮೂರು ಅಕ್ಷರಗಳನ್ನೂ ಬೇಕೆಂದೇ ಹಾಗೇ ಬಿಟ್ಟೆವು. ಹಳೆಯವು ಒಇಎಂ ಪ್ರೊಫೈಲಿನವು, ನಮ್ಮವು ಚೆರ್ರಿ ಪ್ರೊಫೈಲಿನವು. ಆದ್ದರಿಂದ ಆ ಮೂರು ಕೀಲಿ ಕನ್ನಡದವಕ್ಕಿಂತ ತುಸು ಎತ್ತರ. ನೋಡದೆಯೂ ಬೆರಳಿಗೆ ಗೊತ್ತಾಗುತ್ತದೆ, ಇಲ್ಲಿಗೆ ಕನ್ನಡ ಮುಗಿಯಿತು, ಇನ್ನು ಮುಂದೆ ಸ್ವೀಡಿಷ್ ಎಂದು.

"ನೋಡದೆ ಟೈಪ್ ಮಾಡೋರಿಗೆ ಕ್ಯಾಪಿನ ಮೇಲೆ ಅಕ್ಷರ ಯಾಕೆ?" ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆ. ಅಭ್ಯಾಸ ಆದವರಿಗೆ ಬೇಡ. ಆದರೆ ನಮ್ಮಲ್ಲಿ ಇಲ್ಲೇ ಹುಟ್ಟಿ ಬೆಳೆದ ತಂಗಿಯೊಬ್ಬಳಿದ್ದಾಳೆ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ನಿಧಾನಕ್ಕೆ ಓದುತ್ತಾಳೆ, ಹಿಂದಿನ ಪುಸ್ತಿಕೆಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟಿದ್ದಳು. ಈ ಸಲ ನಾಲ್ಕು ಭಾನುವಾರ ಫೀಕಾ ಹೊತ್ತಿಗೆ ಬಂದು, ಈ ಕೀಬೋರ್ಡಿನ ಮುಂದೆ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಒಂದೂವರೆ ಪುಟ ಬರೆದಳು. ಎರಡನೇ ಭಾನುವಾರ "ಅಕ್ಕಾ, ಟ ಯಾಕೆ ಕ್ಯೂ ಮೇಲಿದೆ?" ಎಂದು ಕೇಳಿದವಳು ನಾಲ್ಕನೇ ಭಾನುವಾರ ಕ್ಯೂ ನೋಡದೇ ಒತ್ತುತ್ತಿದ್ದಳು. ಅವಳ ಬರಹ ಈ ಪುಸ್ತಿಕೆಯಲ್ಲೇ ಇದೆ, ತಪ್ಪದೆ ಓದಿ.

ಆ ಕೀಬೋರ್ಡು ಸಂಘದ ಕೋಣೆಯ ಕಪಾಟಿನಲ್ಲಿದೆ. ಜೊತೆಗೊಂದು ಕ್ಯಾಪ್ ಪುಲ್ಲರ್, ಪಕ್ಕದಲ್ಲಿ ಮುರಿದ ಸ್ವಿಚ್ಚೂ ಇದೆ, ನೆನಪಿಗಿರಲಿ ಎಂದು. ಬೇರೆ ಊರಿನ ಗೆಳೆಯರು ಇಂಥದ್ದೊಂದು ಮಾಡಿಕೊಳ್ಳಬೇಕು ಅಂತಿದ್ದರೆ ಮೊದಲು ನಿಮ್ಮ ಕೀಬೋರ್ಡಿನ ಒಂದು ಕ್ಯಾಪ್ ತೆಗೆದು, ಕೆಳಗೆ ಏನಿದೆ ನೋಡಿ. ಮಿಕ್ಕದ್ದು ಆಮೇಲೆ.